ಹಾಲು ಎಲ್ಲಿದೆ ಅಂತ ಮೊದಲು ಕೇಳಿ: ಮಂದೆಯ ಜೊತೆ ಅಲೆಯುವವರ ಮಕ್ಕಳ ಬೆಳವಣಿಗೆ ನೋಡುವುದು ಹೇಗೆ?

ದನ, ಆಡು, ಒಂಟೆ ಸಾಕಿಕೊಂಡು ಊರೂರು ಅಲೆಯುವ ಕುಟುಂಬದ ಮಗುವನ್ನು ನೋಡಲು ಹೋದರೆ ತಕ್ಕಡಿ ಆಮೇಲೆ ತೆಗೆಯಿರಿ. ಮೊದಲು ಒಂದೇ ಪ್ರಶ್ನೆ ಕೇಳಿ. ‘ಹಾಲು ಕೊಡುವ ಪ್ರಾಣಿಗಳು ಈಗ ಎಲ್ಲಿವೆ?’

ಮಳೆ ಬಿದ್ದು ಹುಲ್ಲು ಚಿಗುರಿದಾಗ ಮಂದೆ ಬಿಡಾರದ ಹತ್ತಿರವೇ ಇರುತ್ತದೆ. ಮಗುವಿನ ಹಾಲಿಗೆ ತೊಂದರೆಯಿಲ್ಲ. ನೆಲ ಒಣಗಿದ ಮೇಲೆ ಗಂಡಸರು ಮಂದೆ ಹೊಡೆದುಕೊಂಡು ಮೇವು, ನೀರು ಹುಡುಕುತ್ತಾ ದೂರ ಹೋಗುತ್ತಾರೆ. ಎಷ್ಟೋ ಕಡೆ ತಾಯಿ, ಎಳೆಮಕ್ಕಳು, ಮುದುಕರು ಹಿಂದೆಯೇ ಉಳಿಯುತ್ತಾರೆ. ಹಾಲು ಒಂದು ಕಡೆ, ಮಗು ಒಂದು ಕಡೆ. ಅದು ಮಗುವಿನ ತೋಳಿನಲ್ಲಿ ಗೊತ್ತಾಗಿಬಿಡುತ್ತದೆ.

ತೋಳು ಅಳೆಯಿರಿ

6ರಿಂದ 59 ತಿಂಗಳ ಮಕ್ಕಳಿಗೆ ಮೂರು ಬಣ್ಣದ ತೋಳಿನ ಪಟ್ಟಿ ಸಾಕು. ಅಂಗಿಯ ತೋಳನ್ನು ಸುಮ್ನೆ ಮೇಲೆ ಸರಿಸಬೇಡಿ, ಬಿಚ್ಚಿಬಿಡಿ. ಎಡಗೈಯನ್ನು ಮೊಣಕೈ ಹತ್ತಿರ ಮಡಚಿ, ಭುಜದ ಮೂಳೆಯ ತುದಿಗೂ ಮೊಣಕೈ ತುದಿಗೂ ಸರಿಯಾಗಿ ನಡುವೆ ಗುರುತು ಹಾಕಿ. ಆಮೇಲೆ ಕೈ ಇಳಿಬಿಡಿ. ಮಗು ಅಳುತ್ತಾ ಕೈ ಬಿಗಿಹಿಡಿದಿದ್ದರೆ ಸ್ವಲ್ಪ ಕಾಯಿರಿ. ಗುರುತಿನ ಮೇಲೆ ಸುತ್ತಿದ ಪಟ್ಟಿ ಚರ್ಮಕ್ಕೆ ತಾಗಿರಬೇಕು. ಆದರೆ ಚರ್ಮ ಸುಕ್ಕಾಗುವಷ್ಟು ಎಳೆಯಬಾರದು.

ತೋಳಿನ ಸುತ್ತಳತೆ 12.5 ಸೆಂ.ಮೀ. ಅಥವಾ ಜಾಸ್ತಿ ಇದ್ದರೆ ಹಸಿರು, ಅಂದರೆ ಸರಿಯಿದೆ. 11.5ರಿಂದ 12.5ರೊಳಗೆ ಹಳದಿ, ಅಂದರೆ ಮಗು ಸೊರಗಿದೆ. 11.5ಕ್ಕಿಂತ ಕಡಿಮೆಯಾದರೆ ಕೆಂಪು, ಅಂದರೆ ತೀರಾ ಸೊರಗಿದೆ. ಕೆಂಪು ಬಂದ ಮಗುವನ್ನು ಅವತ್ತೇ ಚಿಕಿತ್ಸೆಗೆ ಕಳಿಸಿ.

ಪಾದಗಳನ್ನೂ ನೋಡಿ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ 3 ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದರೆ ಅದು ಅಪೌಷ್ಟಿಕತೆಯ ಊತ ಎಂದೇ ತಿಳಿಯಿರಿ. ಪಟ್ಟಿ ಹಸಿರು ತೋರಿಸಿದರೂ ಕಳಿಸಲೇಬೇಕು.

ಹೊರಡುವಾಗ ಪಟ್ಟಿಯನ್ನು ತಾಯಿಯ ಕೈಗೆ ಕೊಟ್ಟು ಬನ್ನಿ. ಮುಂದಿನ ತಿಂಗಳು ಆ ಕುಟುಂಬ ಎಲ್ಲಿರುತ್ತದೋ ಯಾರಿಗೆ ಗೊತ್ತು, ಅಲ್ವಾ? ಹೇಳಿಕೊಟ್ಟರೆ ತಾಯಂದಿರೂ ಆರೋಗ್ಯ ಕಾರ್ಯಕರ್ತರಷ್ಟೇ ಚೆನ್ನಾಗಿ ಅಳೆಯುತ್ತಾರೆ ಎಂಬುದು ನೈಜರ್ ದೇಶದಲ್ಲಿ ಕಂಡುಬಂದಿದೆ.

ಎತ್ತರ, ವಯಸ್ಸು

2 ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಿರಿ, ದೊಡ್ಡದನ್ನು ನಿಲ್ಲಿಸಿ. ಕುಳ್ಳಾಗಿ ಉಳಿದಿದೆಯೋ ಎಂದು ಹೇಳಲು ಸರಿಯಾದ ವಯಸ್ಸು ಬೇಕು. ಹುಟ್ಟಿದ ತಾರೀಕು ಕೇಳಿದರೆ ಉತ್ತರ ಸಿಗದಿರಬಹುದು. ‘ಯಾವ ಮಳೆಗೆ ಹುಟ್ಟಿದ್ದು? ಆಗ ಯಾವ ಹಸು ಕರು ಹಾಕಿತ್ತು?’ ಅಂತ ಕೇಳಿ ನೋಡಿ. ಅದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಇನ್ನೊಂದು ಮಾತು. ಪೂರ್ವ ಆಫ್ರಿಕಾದ ಕೆಲವು ಪಶುಪಾಲಕರ ಮಕ್ಕಳಿಗೆ ಕಾಲು ಉದ್ದ, ಮೈ ತೆಳು. ಎತ್ತರಕ್ಕೆ ತಕ್ಕ ತೂಕ ನೋಡಿದರೆ ತುಂಬಾ ಮಕ್ಕಳು ಸೊರಗಿದಂತೆ ಕಾಣುತ್ತಾರೆ, ತೋಳು ಅಳೆದರೆ ಅಷ್ಟು ಕಾಣುವುದಿಲ್ಲ. ಎರಡೂ ಅಳತೆ ಬರೆದುಕೊಳ್ಳಿ. ಪಟ್ಟಿ ಕೆಂಪು ತೋರಿಸದ ಮಗುವಿನ ವಿಷಯದಲ್ಲಿ ಒಂದನ್ನೇ ನಂಬಿ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಊಟ

6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಎಷ್ಟೇ ಬಿಸಿಲಿದ್ದರೂ ನೀರು ಬೇಡ, ಆಡಿನ ಹಾಲೂ ಬೇಡ. ಆಮೇಲೆ ಎದೆಹಾಲಿನ ಜೊತೆಗೆ ದಿನಕ್ಕೆ 2–3 ಸಲ, 9 ತಿಂಗಳಿಂದ 3–4 ಸಲ ಊಟ. ಗಂಜಿ ತೆಳ್ಳಗೆ ಇರಬಾರದು. ಚಮಚ ಓರೆ ಮಾಡಿದರೆ ಜಾರಿ ಹೋಗದಷ್ಟು ಗಟ್ಟಿ ಇರಲಿ. ಎದೆಹಾಲನ್ನು 2 ವರ್ಷ, ಅದಕ್ಕೂ ಜಾಸ್ತಿ ಕುಡಿಸಬಹುದು.

ಮನೆತುಂಬಾ ಹಾಲಿದ್ದರೂ ಹಾಲೊಂದೇ ಸಾಲದು. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲೇ ಹೊಟ್ಟೆ ತುಂಬಿಸಿದರೆ ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಕಾಳು, ಮೊಟ್ಟೆ, ಸೊಪ್ಪು, ಚೆನ್ನಾಗಿ ಬೇಯಿಸಿ ಅರೆದ ಮಾಂಸ ಸೇರಬೇಕು. ಮಂದೆ ಇದೆ ಅಂದ ಮಾತ್ರಕ್ಕೆ ದಿನಾ ಮಾಂಸ ಇರುತ್ತದೆ ಅಂದುಕೊಳ್ಳಬೇಡಿ. ಪ್ರಾಣಿಗಳೇ ಅವರ ಉಳಿತಾಯ, ಸುಲಭಕ್ಕೆ ಕಡಿಯುವುದಿಲ್ಲ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ (ಪ್ರಾಣಿಗಳಿಂದ ಹರಡುವ ಒಂದು ಜ್ವರದ ರೋಗ), ಕ್ಷಯ ಬರಬಹುದು. ಹಾಗಾಗಿ ಉಕ್ಕಿ ಬರುವ ತನಕ ಕಾಯಿಸಿ. ಸೌದೆ ಕಡಿಮೆಯಿದ್ದರೆ ಮಗುವಿನ ಪಾಲನ್ನಾದರೂ ಬೇರೆ ಕಾಯಿಸಲು ಹೇಳಿ.

ಮಂದೆ ಹೊರಡುವ ಮುಂಚೆ

ಹಾಲು ನಿಂತ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಇಥಿಯೋಪಿಯಾದ ಸೊಮಾಲಿ ಪ್ರಾಂತ್ಯದಲ್ಲಿ ಹೀಗೆ ಮಾಡಿ ನೋಡಿದ್ದಾರೆ. ಒಣ ತಿಂಗಳುಗಳಲ್ಲಿ ಹಾಲು ಕೊಡುವ ಕೆಲವೇ ಪ್ರಾಣಿಗಳನ್ನು ತಾಯಿ–ಮಕ್ಕಳ ಹತ್ತಿರ ಉಳಿಸಿಕೊಂಡು, ಅವಕ್ಕೆ ಮೇವು ಒದಗಿಸಿದರು. ಮಕ್ಕಳಿಗೆ ಹಾಲು ತಪ್ಪಲಿಲ್ಲ, ಮೈ ಅಷ್ಟಾಗಿ ಇಳಿಯಲಿಲ್ಲ.

ಹಾಗಾಗಿ ಮಂದೆ ಹೊರಡುವ ವಾರಕ್ಕೆ ಮುಂಚೆ ಮನೆಯ ಹಿರಿಯರನ್ನೂ ಮಗುವಿನ ತಾಯಿಯನ್ನೂ ಒಟ್ಟಿಗೆ ಕೂರಿಸಿಕೊಂಡು ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಯಾವ ಆಡು ಉಳಿಯುತ್ತದೆ, ಅದಕ್ಕೆ ಮೇವು ಎಲ್ಲಿಂದ, ಹಾಲು ಕರೆಯುವವರು ಯಾರು.