ಅಪ್ಪನ ಪದ್ಮಿನಿಗೆ ಸ್ಟೀರಿಯೋ ಕೂರಿಸಿದ್ದು

ನಮ್ಮಪ್ಪನ ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಸ್ಟೀರಿಯೋ ಹಾಕುವಾಗ ನನ್ನ ಮೊದಲ ಷರತ್ತು: ಡ್ಯಾಶ್‌ಬೋರ್ಡಿಗೆ ಗರಗಸ ಮುಟ್ಟಿಸಬಾರದು. ಕೊರೆದ ತಗಡು ಮತ್ತೆ ಕೂಡಲ್ಲ. ಅದಕ್ಕೇ ಸೆಟ್ಟನ್ನು ಡ್ಯಾಶ್ ಕೆಳಗೆ ಬ್ರಾಕೆಟ್ಟಿನಲ್ಲಿ ತೂಗಿಸಿದೆ.

ಡಬ್ಬಿ ಮೇಲಿನ ‘50 ವ್ಯಾಟ್ × 4’ ನೋಡಿ ಮರುಳಾಗಬೇಡಿ. ಆರ್‌ಎಂಎಸ್ ಅಂಕಿ, ಅಂದರೆ ಸೆಟ್ಟು ಸತತವಾಗಿ ಕೊಡಬಲ್ಲ ವ್ಯಾಟ್, ನೋಡಿ. ಒಂದೊಂದು ಸ್ಪೀಕರಿಗೆ ಅದು 15ರಿಂದ 20 ಇದ್ದರೆ ಈ ಪುಟ್ಟ ಗಾಡಿಗೆ ಧಾರಾಳ. ನಮ್ಮದು ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಹಳೇ ಕಾಲದ ಜನರೇಟರ್) ಗಾಡಿ, ಸಿಗ್ನಲ್‌ನಲ್ಲಿ ನಿಂತರೆ ಬ್ಯಾಟರಿ ಚಾರ್ಜೇ ಆಗಲ್ಲ. ಹಾಗಾಗಿ ಹೆಚ್ಚು ಕರೆಂಟ್ ಎಳೆಯುವ ಸಬ್‌ವೂಫರ್ (ಬೇಸ್ ಸದ್ದಿನ ದೊಡ್ಡ ಸ್ಪೀಕರ್) ಆಸೆ ಬಿಟ್ಟೆ. ಹಿಂದಿನ ಗಾಜಿನ ಕೆಳಗೆ ಹೊಸ ಪ್ಲೈವುಡ್ ಹಲಗೆ ಕತ್ತರಿಸಿ 6×9 ಇಂಚಿನ ಸ್ಪೀಕರ್ ಜೋಡಿ ಕೂರಿಸಿದೆ. ಹಳೇ ಹಲಗೆ ಅಟ್ಟದ ಮೇಲೆ ಭದ್ರವಾಗಿದೆ.

ವೈರಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಕಳಚಿ. ಸೆಟ್ಟಿನ ಹಳದಿ ವೈರು ನೇರ ಬ್ಯಾಟರಿಯ ಪಾಸಿಟಿವ್‌ಗೆ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೆ. ಕಪ್ಪು, ಕಾರಿನ ಬಾಡಿಯ ತಗಡಿಗೆ, ಅಲ್ಲಿ ಪೇಂಟ್ ಕೆರೆದು ಬರಿ ತಗಡಿಗೇ ಬಿಗಿಯಬೇಕು. ನಾನು ಪೇಂಟ್ ಮೇಲೇ ಬಿಗಿದಿದ್ದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಪೀಕರ್ ‘ಕುಂಯ್’ ಅಂತ ಅಳುತ್ತಿತ್ತು, ಕಾರಣ ಹುಡುಕುವಷ್ಟರಲ್ಲಿ ಭಾನುವಾರ ಪೂರ್ತಿ ಹೋಯ್ತು. ಸ್ಪೀಕರ್ ವೈರುಗಳನ್ನು ಮಾತ್ರ ಬಾಡಿಯ ತಗಡಿಗೆ ತಾಗಿಸಲೇಬೇಡಿ, ಸೆಟ್ಟೇ ಸುಟ್ಟೀತು. ವೈರು ತಗಡಿನ ತೂತು ದಾಟುವಲ್ಲೆಲ್ಲ ಸವೆಯದಂತೆ ರಬ್ಬರ್ ಬುಷ್ ಹಾಕಿ.