ಸೆನೆಟ್ ವೋಟಿಗೆ ಮುಂಚೆ ನಾನು ಓದುವ ಕಾಗದಗಳು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನವೆಂಬರ್ ಮೊದಲ ವಾರದಲ್ಲಿ ಮುಗಿಯುತ್ತದೆ. ಜನವರಿ 20ಕ್ಕೆ ಪ್ರಮಾಣವಚನ. ನಡುವಿನ ಹನ್ನೊಂದು ವಾರ ಅಧಿಕಾರ ಹಸ್ತಾಂತರದ ಕಾಲ. ಹೊಸ ಅಧ್ಯಕ್ಷರು ತುಂಬಬೇಕಾದ ಹುದ್ದೆಗಳು ಸುಮಾರು 4,000. ಅವುಗಳಲ್ಲಿ ಸುಮಾರು 1,200 ಹುದ್ದೆಗಳಿಗೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿಗೆ ಬೇಕು. ಈ ಹುದ್ದೆಗಳಿಗೆ ಬ್ಯಾಂಕಿನವರು, ಎಣ್ಣೆ ಕಂಪನಿಯವರು, ದೊಡ್ಡ ವಕೀಲರು ಬರುತ್ತಾರೆ. ಜೊತೆಗೆ ಅವರ ಷೇರು, ಬಾಕಿ ಬೋನಸ್ಸು, ಹಳೇ ಗಿರಾಕಿಗಳ ನಂಟೂ ಬರುತ್ತದೆ. ನಾಳೆ ಇವರು ಮಾಡುವ ಒಂದು ಸಹಿಯಿಂದ ಇವರದೇ ಜೇಬು ತುಂಬುತ್ತದೆಯೇ? ಕೆಲವು ವರ್ಷಗಳಿಂದ ನಾನು ಬಿಡುವಿನ ವೇಳೆಯಲ್ಲಿ ಕೂತು ನೋಡುವುದು ಇದನ್ನೇ.

ನಾನು ವೃತ್ತಿಯಲ್ಲಿ ಆಡಿಟರ್. ಬೆಂಗಳೂರಿನಲ್ಲಿ ಸಿಎ ಮುಗಿಸಿದೆ, ಈಗ ಮೇರಿಲ್ಯಾಂಡ್‌ನಲ್ಲಿದ್ದೇನೆ. 2016ರ ಚುನಾವಣೆ ಆದ ಮೇಲೆ ಒಂದು ಸಣ್ಣ ನಾಗರಿಕ ಗುಂಪಿಗೆ ಸೇರಿಕೊಂಡೆ. ಸಂಬಳ ಇಲ್ಲ. ನೇಮಕವಾಗುವವರ ಆಸ್ತಿ ವಿವರ ಓದುವುದು, ಪ್ರಶ್ನೆಗಳನ್ನು ಬರೆದು ಸೆನೆಟ್ ಸಮಿತಿಗಳ ಸಿಬ್ಬಂದಿಗೆ ಕಳಿಸುವುದು ನಮ್ಮ ಕೆಲಸ. ಆಡಿಟ್ ಮಾಡಿದವರಿಗೆ ಇದು ಹೊಸ ವಿದ್ಯೆ ಏನಲ್ಲ. ಬರೆದದ್ದನ್ನು ಓದುವುದರ ಜೊತೆಗೆ ಬರೆಯದೇ ಬಿಟ್ಟದ್ದನ್ನು ಹುಡುಕಬೇಕು, ಅಷ್ಟೇ.

ಈ ಕಾಗದಗಳು ಸಿಗುವುದಕ್ಕೆ ಕಾರಣ, ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡುವಂತೆ ಮಾಡಿದ ವಾಟರ್‌ಗೇಟ್ ಹಗರಣ. ಅದಾದ ಮೇಲೆ, 1978ರಲ್ಲಿ, ಒಂದು ಕಾನೂನು ಬಂತು. ಅದರಿಂದಲೇ ಆಫೀಸ್ ಆಫ್ ಗವರ್ನಮೆಂಟ್ ಎಥಿಕ್ಸ್ ಹುಟ್ಟಿದ್ದು. ನಾವು ಸುಮ್ನೆ ಎಥಿಕ್ಸ್ ಕಚೇರಿ ಅನ್ನುತ್ತೇವೆ. ದೊಡ್ಡ ಹುದ್ದೆಗೆ ಹೆಸರು ಬಂದವರು 278ಇ ಎಂಬ ಫಾರಂ ತುಂಬಬೇಕು. ಎಥಿಕ್ಸ್ ಕಚೇರಿ ಮತ್ತು ಆಯಾ ಇಲಾಖೆಯ ಎಥಿಕ್ಸ್ ಅಧಿಕಾರಿ ಅದನ್ನು ಪರಿಶೀಲಿಸುತ್ತಾರೆ. ಪ್ರಶ್ನೆ ಕೇಳಿ, ತಿದ್ದಿಸಿ, ಮತ್ತೆ ಕೇಳುತ್ತಾರೆ. ಕೊನೆಗೆ ನೇಮಕವಾಗುವವರು ಒಂದು ಪತ್ರಕ್ಕೆ ಸಹಿ ಹಾಕುತ್ತಾರೆ. ಯಾವುದನ್ನು ಮಾರುತ್ತೇನೆ, ಯಾವ ಸ್ಥಾನ ಬಿಡುತ್ತೇನೆ, ಯಾವ ವಿಷಯದಿಂದ ದೂರ ಇರುತ್ತೇನೆ ಎಂದು ಬರೆದುಕೊಡುವ ಪತ್ರ. ಅದೇ ಎಥಿಕ್ಸ್ ಒಪ್ಪಂದ.

ನಮ್ಮಲ್ಲಿ ಅಭ್ಯರ್ಥಿಗಳ ಅಫಿಡವಿಟ್ ಇದೆ. ಕರ್ನಾಟಕದ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು ಎಂಬ ನಿಯಮವೂ ಇದೆ. ಅವು ಏನಿದೆ ಎಂದು ಹೇಳುತ್ತವೆ. ಇದ್ದದ್ದನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬರೆಸಿಕೊಳ್ಳುವುದು ಈ ಒಪ್ಪಂದದ ವಿಶೇಷ. ನನಗೆ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಇನ್ನು ಓದುವ ರೀತಿ. ಪತ್ರಿಕೆಗಳು ಮೊದಲು ಬರೆಯುವುದು "ಇವರ ಆಸ್ತಿ ಇಷ್ಟು ಕೋಟಿ" ಎಂದು. ನಾನು ಆ ಲೆಕ್ಕವನ್ನೇ ಹಾಕುವುದಿಲ್ಲ. ಫಾರಂನಲ್ಲಿ ನಿಖರವಾದ ಮೊತ್ತ ಇರುವುದಿಲ್ಲ, ಶ್ರೇಣಿ ಮಾತ್ರ ಇರುತ್ತದೆ. 50 ಲಕ್ಷ ಡಾಲರ್‌ನಿಂದ 2.5 ಕೋಟಿ ಡಾಲರ್‌ವರೆಗೆ ಒಂದೇ ಶ್ರೇಣಿ. 5 ಕೋಟಿ ದಾಟಿದರೆ "5 ಕೋಟಿಗಿಂತ ಜಾಸ್ತಿ" ಅಂತ ಬರೆದರೆ ಮುಗಿಯಿತು. ಹಾಗಾಗಿ ಮೊತ್ತದ ಹಿಂದೆ ಬಿದ್ದು ಪ್ರಯೋಜನ ಇಲ್ಲ. ಯಾವ ಕಂಪನಿ, ಅದಕ್ಕೂ ಈ ಹುದ್ದೆಗೂ ಏನು ಸಂಬಂಧ ಎನ್ನುವುದನ್ನು ನೋಡಬೇಕು.

ನಾನು ಮೊದಲು ತೆಗೆಯುವುದು ಮೂರನೇ ಭಾಗ. ಹಳೇ ಕಂಪನಿಯ ಜೊತೆ ಏನಾದರೂ ಒಪ್ಪಂದ ಬಾಕಿ ಇದೆಯೇ ಎಂಬುದು ಅಲ್ಲಿರುತ್ತದೆ. ಮುಂದೆ ಬರಬೇಕಾದ ಷೇರು, ಪಿಂಚಣಿ, ರಜೆ ಹಾಕಿ ಹೋಗಿ ವಾಪಸ್ ಬರುವ ಅವಕಾಶ, ಎಲ್ಲವೂ. ನಿನ್ನೆ ಸಿಕ್ಕ ಹಣಕ್ಕಿಂತ ನಾಳೆ ಸಿಗಬೇಕಾದ ಹಣ ಮನುಷ್ಯನನ್ನು ಜಾಸ್ತಿ ಕಟ್ಟಿಹಾಕುತ್ತದೆ.

ಆಮೇಲೆ ನಾಲ್ಕನೇ ಭಾಗ. ಹಿಂದಿನ ಎರಡು ವರ್ಷಗಳಲ್ಲಿ ಯಾವುದೇ ಒಂದು ವರ್ಷ 5,000 ಡಾಲರ್‌ಗಿಂತ ಹೆಚ್ಚು ಸಂಭಾವನೆ ಬಂದ ಗಿರಾಕಿಗಳ ಹೆಸರು ಅಲ್ಲಿರಬೇಕು. ಮೊತ್ತ ಇರುವುದಿಲ್ಲ, ಹೆಸರು ಇರುತ್ತದೆ. ಈ ಭಾಗದ ಬೆಲೆ ತಿಳಿಯಬೇಕಾದರೆ 2020ರ ಕೊನೆಯಲ್ಲಿ ಹೊರಬಂದ ಆಂಟನಿ ಬ್ಲಿಂಕನ್ ಅವರ ವಿವರ ನೋಡಿ. ಅವರು ಸೇರಿ ಕಟ್ಟಿದ ವೆಸ್ಟ್‌ಎಕ್ಸೆಕ್ ಎಂಬ ಸಲಹಾ ಸಂಸ್ಥೆ ತನ್ನ ಗಿರಾಕಿಗಳು ಯಾರೆಂದು ಹೇಳಿರಲಿಲ್ಲ. ವಿದೇಶಾಂಗ ಸಚಿವ ಹುದ್ದೆಗೆ ಹೆಸರು ಬಂದ ಮೇಲೆ ಹೇಳಲೇಬೇಕಾಯಿತು. ಬೋಯಿಂಗ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಸಾಫ್ಟ್‌ಬ್ಯಾಂಕ್, ಊಬರ್ ಎಲ್ಲ ಪಟ್ಟಿಯಲ್ಲಿದ್ದವು. ಕಾನೂನು ಇಲ್ಲದಿದ್ದರೆ ಈ ಪಟ್ಟಿ ನಮ್ಮ ಕೈಗೆ ಬರುತ್ತಿತ್ತೇ?

ಆಸ್ತಿ ಪಟ್ಟಿಯಲ್ಲಿ ಒಂದು ಸಣ್ಣ ಕಾಲಂ ಇದೆ. ತುಂಬ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ. ತಲೆಬರಹ "ಇಐಎಫ್". ತುಂಬ ಜನ ಹಣ ಹಾಕಿರುವ, ಹೂಡಿಕೆದಾರನ ಹಿಡಿತದಲ್ಲಿಲ್ಲದ ಫಂಡ್ ಆದರೆ ಅಲ್ಲಿ "ಹೌದು" ಎಂದಿರುತ್ತದೆ. ಆಗ ಫಂಡ್ ಒಳಗೆ ಏನೇನಿದೆ ಎಂದು ಬಿಡಿಸಿ ಬರೆಯಬೇಕಿಲ್ಲ. "ಇಲ್ಲ" ಎಂದಿದ್ದರೆ ಒಳಗಿನದನ್ನೆಲ್ಲ ಬಿಡಿಸಬೇಕು. 14ನೇ ಸಾಲಿನಲ್ಲಿ ಒಂದು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಖಾಸಗಿ ಕಂಪನಿ, ಇದೆ, ಕಾಲಂನಲ್ಲಿ "ಇಲ್ಲ" ಎಂದಿದೆ ಅಂದುಕೊಳ್ಳಿ. ಕೆಳಗೆ 14.1, 14.2 ಎಂದು ಉಪಸಾಲುಗಳು ಬರಬೇಕು. ನೇರ 15ಕ್ಕೆ ಹಾರಿದ್ದರೆ ನನ್ನ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಆ ಎಲ್‌ಎಲ್‌ಸಿ ಹೆಸರಿನಲ್ಲಿ ಒಂದು ಕಟ್ಟಡ ಇರಬಹುದು, ಇಡೀ ಒಂದು ವ್ಯಾಪಾರವೂ ಇರಬಹುದು. ಸಮಿತಿಯ ಸಿಬ್ಬಂದಿಗೆ ಬರೆಯುವ ಪ್ರಶ್ನೆಗಳಲ್ಲಿ ಇಂಥವೇ ಹೆಚ್ಚು.

ಗಂಡ ಅಥವಾ ಹೆಂಡತಿಯ ಭಾಗವನ್ನೂ ಬಿಡುವಂತಿಲ್ಲ. ಹಿತಾಸಕ್ತಿ ಸಂಘರ್ಷದ ಕ್ರಿಮಿನಲ್ ಕಾನೂನಿಗೆ 208ನೇ ಸೆಕ್ಷನ್ ಅನ್ನುತ್ತಾರೆ. ಅದರ ಪ್ರಕಾರ ಸಂಗಾತಿಯ, ಅಪ್ರಾಪ್ತ ಮಕ್ಕಳ ಹಣದ ಹಿತಾಸಕ್ತಿಯೂ ಅಧಿಕಾರಿಯದೇ ಎಂದು ಲೆಕ್ಕ.

ಇಷ್ಟಾದ ಮೇಲೆ ಒಂದು ಶೀಟ್ ಮಾಡುತ್ತೇನೆ. ಎಡಗಡೆ ಕಂಪನಿಗಳ ಹೆಸರು. ಪಕ್ಕದಲ್ಲಿ, ಆ ಕಂಪನಿ ಈ ಇಲಾಖೆಯಿಂದ ಗುತ್ತಿಗೆ ಪಡೆದಿದೆಯೇ, ಈ ಇಲಾಖೆಯಲ್ಲಿ ಲಾಬಿ ಮಾಡಿದೆಯೇ ಎಂಬುದು. ಎರಡಕ್ಕೂ ಸರ್ಕಾರದ ದಾಖಲೆಗಳು ಎಲ್ಲರಿಗೂ ತೆರೆದಿವೆ. ಬಲಗಡೆ, ಎಥಿಕ್ಸ್ ಒಪ್ಪಂದದಲ್ಲಿ ಅದಕ್ಕೆ ಏನು ಉತ್ತರ ಇದೆ ಎಂಬುದು. ಬಲಗಡೆ ಖಾಲಿ ಉಳಿದ ಸಾಲುಗಳೇ ನಮ್ಮ ಪತ್ರ.

ಒಪ್ಪಂದದ ಮಾತುಗಳನ್ನು ನಿಧಾನವಾಗಿ ಓದಬೇಕು. "ಒಪ್ಪಿಗೆ ಸಿಕ್ಕ 90 ದಿನದೊಳಗೆ ಮಾರುತ್ತೇನೆ" ಎನ್ನುವುದು ಗಟ್ಟಿ ಮಾತು. ಅದಕ್ಕೆ ತಾರೀಖಿದೆ, ಮಾರಿದ್ದಕ್ಕೆ ದಾಖಲೆ ಸಿಗುತ್ತದೆ. "ಈ ಕಂಪನಿಯ ವಿಷಯದಲ್ಲಿ ಭಾಗವಹಿಸುವುದಿಲ್ಲ, ಲಿಖಿತ ವಿನಾಯಿತಿ ಸಿಗದ ಹೊರತು" ಎನ್ನುವುದು ಅಷ್ಟು ಗಟ್ಟಿಯಲ್ಲ. ಮೀಟಿಂಗ್‌ನಿಂದ ಎದ್ದು ಹೋದರೋ ಇಲ್ಲವೋ ಹೊರಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಸಾಧ್ಯವಿದ್ದ ಕಡೆಯೆಲ್ಲ ಮಾರಿಬಿಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಮಾರುವವರಿಗೆ ಕಾನೂನು ಒಂದು ಅನುಕೂಲವನ್ನೂ ಕೊಟ್ಟಿದೆ. ಎಥಿಕ್ಸ್ ಕಚೇರಿಯ ಪ್ರಮಾಣಪತ್ರ ಪಡೆದು ಮಾರಿ, 60 ದಿನದೊಳಗೆ ಸರ್ಕಾರಿ ಬಾಂಡ್ ಅಥವಾ ವೈವಿಧ್ಯದ ಮ್ಯೂಚುವಲ್ ಫಂಡಿಗೆ ಹಾಕಿದರೆ ಲಾಭದ ಮೇಲಿನ ತೆರಿಗೆ ಮುಂದಕ್ಕೆ ಹೋಗುತ್ತದೆ.

ಒಳ್ಳೆಯ ಒಪ್ಪಂದ ಹೇಗಿರುತ್ತದೆ ಎಂದು ಹೊಸಬರು ಕೇಳಿದರೆ ರೆಕ್ಸ್ ಟಿಲ್ಲರ್‌ಸನ್ ಅವರದನ್ನು ಕೊಡುತ್ತೇನೆ. ಎಕ್ಸಾನ್‌ಮೊಬಿಲ್ ಮುಖ್ಯಸ್ಥರಾಗಿದ್ದವರು 2017ರಲ್ಲಿ ವಿದೇಶಾಂಗ ಸಚಿವರಾದರು. ಮುಂದಿನ ವರ್ಷಗಳಲ್ಲಿ ಕೈಗೆ ಬರಬೇಕಾದ 20 ಲಕ್ಷಕ್ಕೂ ಹೆಚ್ಚು ಎಕ್ಸಾನ್ ಷೇರು ಬಾಕಿ ಇತ್ತು. ಅವನ್ನು ರದ್ದು ಮಾಡಿ, ಸುಮಾರು 18 ಕೋಟಿ ಡಾಲರನ್ನು ಒಂದು ಸ್ವತಂತ್ರ ಟ್ರಸ್ಟಿಗೆ ಹಾಕಿದರು. ಆ ಟ್ರಸ್ಟ್ ಎಕ್ಸಾನ್ ಷೇರು ಕೊಳ್ಳುವಂತಿಲ್ಲ. ಅವರು ಹತ್ತು ವರ್ಷದೊಳಗೆ ಎಣ್ಣೆ ಉದ್ಯಮಕ್ಕೆ ವಾಪಸ್ ಹೋದರೆ ಉಳಿದ ಹಣ ದಾನಕ್ಕೆ. ಅವರ ರಾಜಕೀಯದ ಬಗ್ಗೆ ಯಾರಿಗೆ ಏನೇ ಅನಿಸಲಿ, ಈ ಕಾಗದ ಚೆನ್ನಾಗಿದೆ.

ನಮ್ಮವರೇ ಒಬ್ಬರ ವಿವರವೂ ಹೀಗೇ ಚರ್ಚೆಗೆ ಬಂದಿತ್ತು. ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು 2020ರ ಡಿಸೆಂಬರ್‌ನಲ್ಲಿ ಬೈಡನ್ ಮತ್ತೆ ಸರ್ಜನ್ ಜನರಲ್ ಹುದ್ದೆಗೆ ಆರಿಸಿದರು. ಕೋವಿಡ್ ಕಾಲದಲ್ಲಿ ಸಲಹೆ ಮತ್ತು ಭಾಷಣಗಳಿಂದ ಅವರಿಗೆ 20 ಲಕ್ಷ ಡಾಲರ್‌ಗಿಂತ ಹೆಚ್ಚು ಬಂದಿತ್ತು. ಕೊಟ್ಟವರಲ್ಲಿ ಕಾರ್ನಿವಲ್ ಹಡಗು ಕಂಪನಿ, ಏರ್‌ಬಿಎನ್‌ಬಿ, ನೆಟ್‌ಫ್ಲಿಕ್ಸ್ ಇದ್ದವು. ಅದು ಕಾನೂನುಬದ್ಧ ಸಂಪಾದನೆ, ಅವರೇ ಬರೆದುಕೊಟ್ಟದ್ದು. ಆದರೂ ಕೋವಿಡ್ ಬಗ್ಗೆ ದೇಶಕ್ಕೆ ಸಲಹೆ ಕೊಡುವ ವೈದ್ಯರಿಗೂ ಹಡಗು ಕಂಪನಿಗೂ ನಡುವೆ ಅಂತರ ಬೇಕು ಅಲ್ವಾ? ಅವರ ಬಗ್ಗೆ ನನಗೆ ತುಂಬ ಗೌರವವಿದೆ. ಗೌರವ ಇದ್ದವರ ಕಾಗದವನ್ನೂ ಅದೇ ಶೀಟಿನಲ್ಲಿ, ಅದೇ ಕಾಲಂಗಳಲ್ಲಿ ಹಾಕಿದರೆ ಮಾತ್ರ ಈ ಕೆಲಸಕ್ಕೆ ಬೆಲೆ. ಊರಿನ ನೆಂಟರು "ನಮ್ಮವರನ್ನೂ ಬಿಡೋದಿಲ್ವಾ?" ಎಂದು ಕೇಳಿದ್ದುಂಟು. ಬಿಡುವುದಿಲ್ಲ.

ಈ ಎಲ್ಲ ಓದು ಸೆನೆಟ್ ವೋಟಿಗೆ ಮುಂಚೆ ಆಗಬೇಕು. ನಾನು ಮತ್ತೆ ಮತ್ತೆ ಹೇಳುವುದು ಇದೊಂದನ್ನೇ. ಕುರ್ಚಿ ಸಿಗುವ ತನಕ ಪ್ರತಿ ಪ್ರಶ್ನೆಗೂ ಉತ್ತರ ಬರುತ್ತದೆ. ವೋಟು ಬಿದ್ದ ಮೇಲೆ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? 2021ರ ಜನವರಿಯಲ್ಲಿ ರಕ್ಷಣಾ ಸಚಿವರಾಗಲಿದ್ದ ಲಾಯ್ಡ್ ಆಸ್ಟಿನ್, ಶಸ್ತ್ರಾಸ್ತ್ರ ತಯಾರಿಸುವ ರೇಥಿಯಾನ್ ಕಂಪನಿಯ ನಿರ್ದೇಶಕರಾಗಿದ್ದವರು. ವೋಟಿಗೆ ಮುಂಚೆ ಸೆನೆಟ್ ಸಮಿತಿ ನಡೆಸುವ ವಿಚಾರಣೆಯಲ್ಲೇ ಸೆನೆಟರ್ ಎಲಿಜಬೆತ್ ವಾರೆನ್ ಪಟ್ಟು ಹಿಡಿದು ಕೇಳಿದರು. ನಾಲ್ಕು ವರ್ಷ ಆ ಕಂಪನಿಯ ವಿಷಯದಿಂದ ದೂರ ಇರುತ್ತೇನೆ ಎಂದು ಆಸ್ಟಿನ್ ಅಲ್ಲೇ ಮಾತು ಕೊಟ್ಟರು. ಒಂದು ತಿಂಗಳ ನಂತರ ಕೇಳಿದ್ದರೆ ಆ ಮಾತು ಸಿಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ತದ್ವಿರುದ್ಧದ್ದೂ ಆಗಿದೆ. 2017ರ ಜನವರಿಯಲ್ಲಿ ಕೆಲವರ ಪರಿಶೀಲನೆ ಮುಗಿಯುವ ಮೊದಲೇ ವಿಚಾರಣೆಯ ದಿನ ಗೊತ್ತಾಯಿತು. ಎಥಿಕ್ಸ್ ಕಚೇರಿಯ ಆಗಿನ ನಿರ್ದೇಶಕ ವಾಲ್ಟರ್ ಶಾಬ್ ಸೆನೆಟರ್‌ಗಳಿಗೆ ಪತ್ರ ಬರೆದು ಆತಂಕ ಹೇಳಿಕೊಂಡರು. ಶಿಕ್ಷಣ ಸಚಿವೆಯಾಗಲಿದ್ದ ಬೆಟ್ಸಿ ಡಿವೋಸ್ ಅವರ ವಿಚಾರಣೆ ಜನವರಿ 17ರಂದು ನಡೆಯಿತು. ಪ್ರಶ್ನೆಗೆ ಒಬ್ಬೊಬ್ಬ ಸೆನೆಟರ್‌ಗೆ ಐದೇ ನಿಮಿಷ. ಎಥಿಕ್ಸ್ ಒಪ್ಪಂದ ಕೈಗೆ ಸಿಕ್ಕಿದ್ದು ಆಮೇಲೆ. ಅದರಲ್ಲಿ ಮಾರಬೇಕಾದ ಹೂಡಿಕೆಗಳು ನೂರಕ್ಕೂ ಹೆಚ್ಚು. ಅದನ್ನಿಟ್ಟುಕೊಂಡು ಇನ್ನೊಂದು ವಿಚಾರಣೆ ಮಾಡಿ ಎಂದು ವಿರೋಧ ಪಕ್ಷದವರು ಕೇಳಿದರು. ಮಾಡಲಿಲ್ಲ. ಫೆಬ್ರವರಿ 7ರಂದು 50-50 ಸಮ ಬಿದ್ದು, ಉಪಾಧ್ಯಕ್ಷರ ವೋಟಿನಿಂದ ಅವರು ಗೆದ್ದರು. ಆ ವಾರಗಳಲ್ಲಿ ನನಗಾದ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ. ಕಾಗದ ಇತ್ತು, ಓದುವವರಿದ್ದರು, ಕೇಳುವ ಜಾಗ ಮಾತ್ರ ಮುಚ್ಚಿತ್ತು.

ಇನ್ನು ಸ್ವತಃ ಅಧ್ಯಕ್ಷರ ವಿಷಯ. 208ನೇ ಸೆಕ್ಷನ್ ಅಧ್ಯಕ್ಷರಿಗೂ ಉಪಾಧ್ಯಕ್ಷರಿಗೂ ಅನ್ವಯಿಸುವುದಿಲ್ಲ. ರೇಗನ್, ಕ್ಲಿಂಟನ್, ಇಬ್ಬರು ಬುಷ್‌ಗಳು ಬ್ಲೈಂಡ್ ಟ್ರಸ್ಟ್ (ಒಳಗೆ ಏನಿದೆ ಎಂದು ಮಾಲೀಕನಿಗೇ ತಿಳಿಸದ ಟ್ರಸ್ಟ್) ಮಾಡಿಕೊಂಡದ್ದು, ಒಬಾಮ ಸರ್ಕಾರಿ ಬಾಂಡ್ ಮತ್ತು ಇಂಡೆಕ್ಸ್ ಫಂಡ್‌ಗಳಲ್ಲಿ ಹಣ ಇಟ್ಟದ್ದು, ಎಲ್ಲ ಪದ್ಧತಿಯಿಂದ. ಕಾನೂನಿನ ಬಲವಂತ ಇರಲಿಲ್ಲ. 2017ರ ಜನವರಿ 11ರಂದು ಟ್ರಂಪ್ ತಮ್ಮ ವ್ಯಾಪಾರ ಮಾರುವುದಿಲ್ಲ, ಟ್ರಸ್ಟಿಗೆ ಹಾಕಿ ಮಕ್ಕಳ ಕೈಗೆ ಕೊಡುತ್ತೇನೆ ಎಂದರು. ಅದೇ ದಿನ ಶಾಬ್ ಎದ್ದು ನಿಂತು, ಹಿತಾಸಕ್ತಿ ಸಂಘರ್ಷದ ದೃಷ್ಟಿಯಿಂದ ಇದಕ್ಕೆ ಅರ್ಥವಿಲ್ಲ ಎಂದು ಹೇಳಿದರು. ಆ ಜುಲೈನಲ್ಲಿ ಹುದ್ದೆ ಬಿಟ್ಟರು. ವಾಷಿಂಗ್ಟನ್‌ನ ಹಳೇ ಅಂಚೆ ಕಟ್ಟಡದಲ್ಲಿ ಟ್ರಂಪ್ ಹೋಟೆಲ್ ಇತ್ತು. ಕಟ್ಟಡ ಸರ್ಕಾರದ್ದು, ಗುತ್ತಿಗೆ ಕೊಟ್ಟದ್ದು ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಜಿಎಸ್‌ಎ ಇಲಾಖೆ. ಚುನಾಯಿತ ಅಧಿಕಾರಿಗೆ ಈ ಗುತ್ತಿಗೆಯಲ್ಲಿ ಪಾಲು ಇರಕೂಡದು ಎಂಬ ಕಲಮು ಕರಾರಿನಲ್ಲೇ ಇತ್ತು. ಜನವರಿ 20ರಿಂದ ಬಾಡಿಗೆದಾರರೇ ಮಾಲೀಕರ ಮೇಲಧಿಕಾರಿಯಾದರು. ಎಲ್ಲ ಸರಿಯಾಗಿದೆ ಎಂದು ಇಲಾಖೆ ಮಾರ್ಚ್‌ನಲ್ಲಿ ಬರೆದುಕೊಟ್ಟಿತು. ಅಧ್ಯಕ್ಷರು ಹುದ್ದೆಯಲ್ಲಿದ್ದು ಸರ್ಕಾರಗಳಿಂದ ಲಾಭ ಪಡೆಯಬಹುದೇ ಎಂಬ ಸಂವಿಧಾನದ ಪ್ರಶ್ನೆಯನ್ನು ಇಲಾಖೆ ಬದಿಗಿಟ್ಟಿತ್ತು ಎಂದು ಅದರದೇ ಇನ್‌ಸ್ಪೆಕ್ಟರ್ ಜನರಲ್ 2019ರಲ್ಲಿ ವರದಿ ಕೊಟ್ಟರು. ಅಷ್ಟು ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಹಸ್ತಾಂತರ ತಂಡದಲ್ಲಿ ಕೆಲಸ ಮಾಡುವವರೂ ಸರ್ಕಾರಿ ನೌಕರರಲ್ಲ. ಅವರ ಮೇಲೂ 208 ಇಲ್ಲ. ಆದರೆ ಇಲಾಖೆಗಳ ಒಳಗೆ ಹೋಗಿ ಮಾಹಿತಿ ನೋಡುತ್ತಾರೆ. ಈ ಸಂದು ಮುಚ್ಚಲೆಂದೇ 2020ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಅಭ್ಯರ್ಥಿಗಳ ತಂಡಗಳು ಎಥಿಕ್ಸ್ ಯೋಜನೆ ಪ್ರಕಟಿಸಬೇಕು ಎಂದಿತು. 2024ರಲ್ಲಿ ಟ್ರಂಪ್ ತಂಡ ಅಕ್ಟೋಬರ್ 1ರ ಗಡುವು ದಾಟಿಸಿತು. ಶ್ವೇತಭವನದ ಜೊತೆ ಹಸ್ತಾಂತರದ ಒಪ್ಪಂದಕ್ಕೆ ಸಹಿ ಮಾಡಿದ್ದು ನವೆಂಬರ್ 26ಕ್ಕೆ. ಹಸ್ತಾಂತರ ತಂಡಕ್ಕೆ ಕಚೇರಿ, ಹಣ ಕೊಡುವ ಜಿಎಸ್‌ಎ ಜೊತೆ ಮಾಡಲೇ ಇಲ್ಲ. ಆ ಸಹಿ ಇಲ್ಲದಿದ್ದರೆ, ಒಬ್ಬ ದಾನಿಯಿಂದ 5,000 ಡಾಲರ್ ಮಾತ್ರ ಎಂಬ ಮಿತಿಯೂ ಇಲ್ಲ, ದಾನಿಗಳ ಹೆಸರು ಹೇಳುವ ಕಟ್ಟುಪಾಡೂ ಇಲ್ಲ. ಎಥಿಕ್ಸ್ ಕಚೇರಿಗೆ ಆ ನವೆಂಬರ್‌ನಲ್ಲಷ್ಟೇ ಸೆನೆಟ್ ಒಪ್ಪಿಗೆ ಪಡೆದು ಐದು ವರ್ಷಕ್ಕೆ ನಿರ್ದೇಶಕರಾಗಿ ಬಂದಿದ್ದ ಡೇವಿಡ್ ಹ್ಯೂಟೆಮಾ ಅವರನ್ನು 2025ರ ಫೆಬ್ರವರಿಯಲ್ಲಿ ಟ್ರಂಪ್ ತೆಗೆದುಹಾಕಿದರು.

ಹೀಗಾಗಿ ಪ್ರತಿ ಸಮಿತಿಗೂ ನಮ್ಮ ಕೋರಿಕೆ ಒಂದೇ. ಎಥಿಕ್ಸ್ ಕಚೇರಿಯ ಪತ್ರ ಮತ್ತು ಒಪ್ಪಂದ ಬರುವ ತನಕ ವಿಚಾರಣೆಗೆ ದಿನ ಇಡಬೇಡಿ. ವೋಟಾದ ಮೇಲೆ ನಾವು ಸುಮ್ಮನಿರುವುದಿಲ್ಲ. 278-ಟಿ ಎಂಬ ಇನ್ನೊಂದು ಫಾರಂ ಇದೆ. ಅಧಿಕಾರಿ ಷೇರು ಮಾರಿದರೆ ಹೆಚ್ಚೆಂದರೆ 45 ದಿನದೊಳಗೆ ಅದರಲ್ಲಿ ವರದಿ ಮಾಡಬೇಕು. 90 ದಿನದ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಮಾರುತ್ತೇನೆ ಎಂದದ್ದು ಅಲ್ಲಿ ಬಂತೇ ಎಂದು ಒಂದೊಂದಾಗಿ ಟಿಕ್ ಹಾಕುತ್ತೇವೆ.

ಈ ಕೆಲಸಕ್ಕೆ ಕೈಗಳು ಸಾಲುತ್ತಿಲ್ಲ. ಇಲ್ಲಿರುವ ಕನ್ನಡಿಗರಲ್ಲಿ ಬ್ಯಾಲೆನ್ಸ್ ಶೀಟ್ ಓದಬಲ್ಲವರು ಎಷ್ಟೊಂದು ಜನ ಇದ್ದೀರಿ. ಸಚಿವರ ಮಟ್ಟದವರ ವಿವರ ಎಥಿಕ್ಸ್ ಕಚೇರಿಯ ತಾಣದಲ್ಲೇ ಇರುತ್ತದೆ. ಉಳಿದವರದಕ್ಕೆ 201 ಎಂಬ ಫಾರಂ ತುಂಬಬೇಕು. ಅದು ಕೇಳುವುದು ಹೆಸರು, ವಿಳಾಸ, ಉದ್ಯೋಗ. ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ಷರತ್ತಿದೆ. ಕೇಳಿದ ಯಾರಿಗೇ ಆದರೂ ಪ್ರತಿ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಇನ್ನೂ ವೋಟಿನ ಹಕ್ಕು ಬಂದಿಲ್ಲ, ಎಚ್-1ಬಿ ವೀಸಾದಲ್ಲಿದ್ದೇನೆ ಎನ್ನುವವರೂ ಕೇಳಬಹುದು.