ಕಸ ಆಮೇಲೆ, ಮೊದ್ಲು ಕೋಡಿ ನೋಡಿ: ಕೆರೆ ಕೆಲಸದಲ್ಲಿ ನನ್ನ ಅನುಭವ

ಕೆರೆ ವಾಲಂಟಿಯರಿಂಗ್ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಗ್ಲೌಸ್ ಹಾಕ್ಕೊಂಡು ದಂಡೆ ಮೇಲೆ ಪ್ಲಾಸ್ಟಿಕ್ ಆಯೋದು, ಆಮೇಲೆ ಮೂಟೆಗಳ ಮುಂದೆ ನಿಂತು ಗ್ರೂಪ್ ಫೋಟೋ. ಬೇಡ ಅನ್ನಲ್ಲ, ಅದೂ ಬೇಕು. ಆದ್ರೆ ಬೆಂಗಳೂರಿನ ಮಹದೇವಪುರ ಕಡೆ ನಮ್ಮ ಬೀದಿಗೆ ನೀರು ನುಗ್ಗೋದು ಕಮ್ಮಿ ಆಗಿದ್ದು ಅದ್ರಿಂದಲ್ಲ.

2022ರ ಸೆಪ್ಟೆಂಬರ್ ಮಳೆ ಯಾರೂ ಮರೆತಿಲ್ಲ ಅನ್ಕೋತೀನಿ, ಒಂದೇ ದಿನ 131.6 ಮಿ.ಮೀ. ಸುರಿದು ಔಟರ್ ರಿಂಗ್ ರೋಡ್ ಕಡೆ ಐಟಿ ಜನ ಟ್ರ್ಯಾಕ್ಟರ್ ಹತ್ಕೊಂಡು ಆಫೀಸಿಗೆ ಹೋದ್ರಲ್ಲ, ಅದೇ. ಅದಾದ್ಮೇಲೆ ನಾವೊಂದಷ್ಟು ಜನ ಭಾನುವಾರ ಸೇರೋಕೆ ಶುರು ಮಾಡಿದ್ವಿ. ಏರಿ ಮೇಲೆ ಕೂತು ನೋಡ್ತಿದ್ದ ತಾತ ಒಬ್ರು, ಹಿಂದೆ ಅವ್ರ ಮನೆಯೋರೇ ಗದ್ದೆಗಳಿಗೆ ಕೆರೆ ನೀರು ಬಿಡೋ ಊರ ನೀರುಗಂಟಿಗಳು, "ಏನ್ರಪ್ಪಾ, ತೂಬು ಎಲ್ಲೈತೆ ಗೊತ್ತಾ ನಿಮ್ಗೆ?" ಅಂದ್ರು. ಎಲ್ರೂ ಮುಖ ಮುಖ ನೋಡ್ಕೊಂಡ್ವಿ.

ಆ ಪ್ರಶ್ನೆಲೇ ಎಲ್ಲಾ ಇದೆ ನೋಡಿ. ಮುಂಚೆ ಕೆರೆ ನೀರು ತೂಬಲ್ಲಿ, ಅಂದ್ರೆ ಏರಿ ಅಡಿಯಿಂದ ನೀರು ಬಿಡೋ ಗೇಟಲ್ಲಿ, ಗದ್ದೆಗೆ ಹೋಗ್ತಿತ್ತು, ಬೇಸಿಗೆ ಮುಗಿಯೋ ಹೊತ್ತಿಗೆ ಕೆರೆ ತಳ ಕಾಣ್ತಿತ್ತು, ಮಳೆಗೆ ಜಾಗ ಇರ್ತಿತ್ತು. ಈಗ ಗದ್ದೆ ಇಲ್ಲ, ಆದ್ರೆ ಮೇಲಿಂದ ಕೊಳಚೆ ನೀರೋ ಸಂಸ್ಕರಿಸಿದ ನೀರೋ ವರ್ಷಪೂರ್ತಿ ಬರ್ತಾನೇ ಇರತ್ತೆ, ಏಪ್ರಿಲಲ್ಲೂ ಕೆರೆ ತುಂಬಿರತ್ತೆ. ವಾಕಿಂಗ್ ಬರೋರಿಗೆ ಖುಷಿ. ಆದ್ರೆ ತುಂಬಿದ ಕೆರೆಗೆ ಮಳೆ ಬಂದ್ರೆ ಅದು ಹಂಗೇ ಕೋಡಿ (ಕೆರೆ ತುಂಬಿದ್ಮೇಲೆ ಹೆಚ್ಚಿನ ನೀರು ಹೊರಗೆ ಹರಿಯೋ ಜಾಗ) ಬಿದ್ದು ಕೆಳಗಿನ ಬೀದಿಗೇ ಹೋಗ್ಬೇಕು. ಒಂದು ಎಕರೆ ಕೆರೆಲಿ ಒಂದಡಿ ನೀರು ಇಳಿಸಿದ್ರೆ ಸುಮಾರು 12 ಲಕ್ಷ ಲೀಟರ್‌ಗೆ ಜಾಗ ಆಗತ್ತೆ, ನಿಮ್ಮ ಕೆರೆ ಎಷ್ಟು ಎಕರೆನೋ ಅಷ್ಟರಿಂದ ಗುಣಿಸ್ಕೊಳ್ಳಿ.

ಹಂಗಾಗಿ ತಾತ ತೋರಿಸಿದ ಜಾಗದಲ್ಲಿ ಜೊಂಡು ಕೀಳಿಸಿದ್ವಿ, ತೂಬಿನ ತುಕ್ಕು ಹಿಡಿದ ಗೇಟು ಸಿಕ್ತು, ಅದನ್ನ ರಿಪೇರಿ ಮಾಡಿಸೋಕೆ ಅರ್ಜಿ ಹಿಡ್ಕೊಂಡು ಅಲೆದಿದ್ದೇ ದೊಡ್ಡ ಕಥೆ, ಇಲ್ಲಿ ಬೇಡ. ಈಗ ಮುಂಗಾರಿಗೆ ಮುಂಚೆ ಒಂದ್ಸಲ, ಆಗಸ್ಟ್‌ನಲ್ಲಿ ಇನ್ನೊಂದ್ಸಲ (ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಲ್ಲೇ ತಾನೇ) ಕೆರೆ ನೋಡ್ಕೊಳ್ಳೋ ಇಂಜಿನಿಯರ್‌ಗೆ ಹೇಳಿ ನಿಧಾನಕ್ಕೆ ನೀರು ಇಳಿಸ್ತೀವಿ. ನಿಧಾನಕ್ಕೆ ಅನ್ನೋದು ಮುಖ್ಯ, ಯಾಕಂದ್ರೆ ಕೆಳಗಿನ ಕೆರೆಯೋರಿಗೆ ಹೇಳ್ದೆ ಬಿಟ್ರೆ ನಮ್ಮ ತಲೆನೋವು ಅವ್ರ ಮನೆಗೆ. ಗೇಟು ಯಾವತ್ತೂ ನೀವೇ ತಿರುಗಿಸೋಕೆ ಹೋಗ್ಬೇಡಿ.

ಇನ್ನು ಕೋಡಿ. ಮೀನು ಟೆಂಡರ್ ಹಿಡಿದೋರು ಮರಿ ಹೊರಗೆ ಹೋಗ್ಬಾರ್ದು ಅಂತ ಕೋಡಿಗೆ ಒತ್ತಿ ಬಲೆ ಕಟ್ತಾರೆ, ಕೆಲವು ಕಡೆ ಮರಳು ಮೂಟೆನೂ ಇಡ್ತಾರೆ. ಜೊಂಡು, ಥರ್ಮಾಕೋಲ್, ಎಳನೀರು ಬುರುಡೆ ಎಲ್ಲಾ ಬಂದು ಆ ಬಲೆಗೆ ಅಂಟ್ಕೊಂಡು ಗೋಡೆನೇ ಆಗ್ಬಿಡತ್ತೆ. ನಮ್ಮಲ್ಲಿ ಕೆಲವ್ರು ಬಲೆ ಕಿತ್ತಾಕೋಣ ಅಂದ್ರು, ಅದು ಅವ್ರ ಹೊಟ್ಟೆಪಾಡು ಕಣ್ರೀ, ಜಗಳ ಮಾಡಿ ಪ್ರಯೋಜನ ಇಲ್ಲ. ಕೂತು ಮಾತಾಡಿದ್ವಿ, ಮೂಟೆ ತೆಗೆದ್ರು, ಬಲೆನ ಕೋಡಿಯಿಂದ ಒಳಕ್ಕೆ ತಗೊಂಡು ಕಟ್ಟಿದ್ರು. ಈಗ ಮೋಡ ಕಟ್ಟಿದ್ರೆ ಮೊದ್ಲು ಫೋನ್ ಮಾಡೋದೇ ಅವ್ರು.

ರಾಜಕಾಲುವೆ, ಅಂದ್ರೆ ಮಳೆನೀರು ಹರಿಯೋ ದೊಡ್ಡ ಕಾಲುವೆ ವಿಷಯಕ್ಕೆ ಬಂದ್ರೆ, ಮೊಬೈಲಲ್ಲಿ ಸರ್ಕಾರದ ದಿಶಾಂಕ್ ಆಪ್ ಹಾಕ್ಕೊಂಡು ಕಾಲುವೆ ಗುಂಟ ನಡೀರಿ. ನೀವು ನಿಂತಿರೋ ಜಾಗದ ಸರ್ವೆ ನಂಬರ್ ಬರತ್ತೆ, ಜೊತೆಗೆ ಹಳೇ ಗ್ರಾಮ ನಕ್ಷೆ ಇಟ್ಕೊಂಡ್ರೆ ಎಲ್ಲಿ ಹಳ್ಳ ಇತ್ತು, ಈಗ ಅಲ್ಲಿ ಯಾರ ಕಾಂಪೌಂಡ್ ಇದೆ ಎಲ್ಲಾ ಗೊತ್ತಾಗತ್ತೆ. ಒತ್ತುವರಿ ಕಂಡ್ರೆ ಅಲ್ಲೇ ನಿಂತು ವಾದ ಮಾಡ್ಬೇಡಿ, ಫೋಟೋ, ಸರ್ವೆ ನಂಬರ್ ಹಾಕಿ ಬರವಣಿಗೆಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ.

ಬೀದಿ ಮೋರಿ ಹೂಳು ತೆಗೆದಾಗ ಅದನ್ನ ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗ್ಬಿಡ್ತಾರೆ, ಮೊದಲ ಮಳೆಗೆ ಅಷ್ಟೂ ವಾಪಸ್ ಮೋರಿಗೆ! ಅದಕ್ಕೆ ಟ್ರ್ಯಾಕ್ಟರ್ ಅವತ್ತೇ ಬರತ್ತೆ ಅಂತ ಖಾತ್ರಿ ಆಗೋವರೆಗೂ ನಾವು ಗುದ್ದಲಿ ಮುಟ್ಟಲ್ಲ. ಚಪ್ಪಡಿ ಕೆಳಗೆ, ಮ್ಯಾನ್‌ಹೋಲ್ ಒಳಗೆ ಯಾರನ್ನೂ ಇಳಿಸಲ್ಲ, ದುಡ್ಡು ಕೊಟ್ಟು ಇಳಿಸೋದಂತೂ ಅಪರಾಧ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಇದೆ. ಗಮ್‌ಬೂಟ್ ಕಡ್ಡಾಯ, ಕಾಲಲ್ಲಿ ಗಾಯ ಇದ್ದೋರು ದಡದಲ್ಲೇ, ಇಲಿಜ್ವರ ಬಂದ್ರೆ ತಮಾಷೆ ಅಲ್ಲ.

ಈ ಸಲ ಬಾಕಿ ಇರೋದು ರಸ್ತೆ ಅಡಿ ಹೋಗೋ ಒಂದು ಮೋರಿ. ಅದರ ಮಧ್ಯೆ ಅಡ್ಡಡ್ಡ ಯಾವುದೋ ಪೈಪು ಹಾಕಿದಾರೆ, ಕವರು, ಬಟ್ಟೆ ಎಲ್ಲಾ ಅಲ್ಲೇ ಸಿಕ್ಕಾಕೊಳ್ಳತ್ತೆ. ಪೈಪು ಯಾರದ್ದು ಅಂತ ಕೇಳಿದ್ರೆ ಇಲ್ಲಿವರೆಗೂ ಯಾರೂ ನಮ್ದು ಅಂತ ಒಪ್ಕೊಂಡಿಲ್ಲ.